ಗೊಂಬೆಯ ಮೈ ನೋಡಿ ಕಿಟಕಿ ಆರಿಸಿ

ಕೈಯಲ್ಲಿ ಮಾಡಿದ ಗೊಂಬೆಯ ಫೋಟೋ ತೆಗೆಯೋಕೆ ಕಿಟಕಿಯ ಬೆಳಕು ಸಾಕು. ಗೊಂಬೆ ಒಂದು ಗೇಣು ಇರುತ್ತದೆ, ಕಿಟಕಿ ಮೂರು ನಾಲ್ಕು ಅಡಿ. ಬೆಳಕು ಬರುವ ಜಾಗ ಇಷ್ಟು ದೊಡ್ಡದಿದ್ದರೆ ನೆರಳಿನ ಅಂಚು ತಾನಾಗಿ ಮೆತ್ತಗಾಗುತ್ತದೆ. ಸ್ಟುಡಿಯೋದವರು ದೊಡ್ಡ ಪೆಟ್ಟಿಗೆಯಂಥ ದೀಪ ಇಟ್ಟು ಪಡೆಯುವುದೂ ಇದನ್ನೇ.

ತೊಡಕು ಬರುವುದು ಆಯ್ಕೆಯಲ್ಲಿ. ಯಾವ ದಿಕ್ಕಿನ ಕಿಟಕಿ? ಪರದೆ ಎಳೆಯಬೇಕಾ, ತೆರೆದಿಡಬೇಕಾ? ಗೊಂಬೆಯನ್ನು ಎಷ್ಟು ದೂರ ಇಡಬೇಕು? ಇವಕ್ಕೆಲ್ಲ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ಚನ್ನಪಟ್ಟಣದ ಅರಗಿನ ಗೊಂಬೆಗೆ ಒಪ್ಪುವ ಬೆಳಕಿನಲ್ಲಿ ಬಟ್ಟೆ ಗೊಂಬೆ ಸಪ್ಪೆಯಾಗುತ್ತದೆ. ಬಟ್ಟೆ ಗೊಂಬೆಗೆ ಜೀವ ತುಂಬುವ ಬೆಳಕು ಕೆತ್ತಿದ ಮರಕ್ಕೆ ಬಣ್ಣ ಬಳಿದ ಕಿನ್ನಾಳದ ಗೊಂಬೆಯ ಮುಖದ ಅರ್ಧ ಭಾಗವನ್ನು ಕತ್ತಲು ಮಾಡುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಗೊಂಬೆಯ ಮೈ.

ಗೊಂಬೆಯನ್ನು ಕಿಟಕಿ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿ. ಅದರ ಮೈಮೇಲೆ ಕಿಟಕಿಯ ಆಕಾರ ಕಾಣುತ್ತದಾ? ಕಂಡರೆ ಅದು ಹೊಳಪಿನ ಗೊಂಬೆ. ಬೆಳಕು ಮೈಯೆಲ್ಲ ಹರಡಿ ಎಲ್ಲೂ ಮಿಂಚದಿದ್ದರೆ ಮಂಕು ಮೈಯ ಗೊಂಬೆ. ಬಟ್ಟೆ, ಉಣ್ಣೆ, ಬಣ್ಣ ಹಚ್ಚದ ಮಣ್ಣು ಎಲ್ಲ ಈ ಸಾಲಿಗೆ. ಎರಡೂ ಬೆರೆತಿದ್ದರೆ, ಅಂದರೆ ಬಟ್ಟೆಯ ಮೇಲೆ ಕನ್ನಡಿ ಚೂರು, ಮರದ ಮೈಗೆ ಜರಿ ಸೀರೆ, ಆಗ ಸ್ವಲ್ಪ ತಾಳ್ಮೆ ಬೇಕು. ಮುಂದಿನ ಮಾತೆಲ್ಲ ಈ ಮೂರು ಬಗೆಯ ಸುತ್ತಲೇ ಇದೆ.

ಉತ್ತರವೋ, ಪೂರ್ವವೋ, ದಕ್ಷಿಣವೋ

ಫೋಟೋಗ್ರಫಿ ಕಲಿಸುವವರಲ್ಲಿ ಹೆಚ್ಚಿನವರು ಉತ್ತರದ ಕಿಟಕಿಯೇ ಒಳ್ಳೆಯದು ಅನ್ನುತ್ತಾರೆ. ನೇರ ಬಿಸಿಲು ಬರುವುದಿಲ್ಲ, ಬೆಳಗ್ಗೆಯಿಂದ ಸಂಜೆವರೆಗೆ ಬೆಳಕು ಜಾಸ್ತಿ ಬದಲಾಗುವುದಿಲ್ಲ ಎಂಬುದು ಕಾರಣ. ಈ ಮಾತು ಹುಟ್ಟಿದ್ದು ಯುರೋಪಿನ ಚಿತ್ರಕಾರರ ಕೋಣೆಗಳಲ್ಲಿ. ಅಲ್ಲಿ ಅದು ಬಹುಮಟ್ಟಿಗೆ ಸರಿ. ನಮ್ಮಲ್ಲಿ ವರ್ಷದ ಒಂದಷ್ಟು ತಿಂಗಳು ಮಾತ್ರ ಸರಿ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅದನ್ನೇ ಶೂನ್ಯ ನೆರಳಿನ ದಿನ ಅನ್ನುತ್ತೇವೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮಗಿಂತ ಉತ್ತರಕ್ಕೆ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಕಿಟಕಿ ಮೇಲಿನ ಸಜ್ಜಾ ತಡೆಯುತ್ತದೆ, ನಿಜ. ಆದರೆ ಜೂನ್ ತಿಂಗಳ ಬೆಳಗ್ಗೆ ಮತ್ತು ಸಂಜೆ ಬಿಸಿಲು ಉತ್ತರದ ಕಿಟಕಿಯಲ್ಲಿ ಓರೆಯಾಗಿ ಒಳಗೆ ಬಂದೇ ಬರುತ್ತದೆ. ಉತ್ತರಕ್ಕೆ ಹೋದ ಹಾಗೆ ಈ ಅವಧಿ ಕಡಿಮೆಯಾಗುತ್ತದೆ. ಬೀದರಿನಲ್ಲಿ ಇದು ಸುಮಾರು ಮೇ ನಡುವಿನಿಂದ ಜುಲೈ ಕೊನೆಯವರೆಗೆ. ಅಂದರೆ ಬೇಸಿಗೆಯ ಕೊನೆ ಮತ್ತು ಮಳೆಗಾಲದ ಮೊದಲ ಭಾಗದಲ್ಲಿ ನಮಗೆ ದಕ್ಷಿಣದ ಕಿಟಕಿಯೇ ಹೆಚ್ಚು ತಣ್ಣಗಿನದು. ಡಿಸೆಂಬರಿನಲ್ಲಿ ಇದು ತಿರುಗುಮುರುಗಾಗುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ದಕ್ಷಿಣದ ಕಿಟಕಿಯಿಂದ ಬಿಸಿಲು ನೆಲದ ಮೇಲೆ ಉದ್ದಕ್ಕೆ ಚಾಚುತ್ತದೆ. ಆಗ ಉತ್ತರದ ಕಿಟಕಿಗೆ ಹೋಗಿ.

ಭೂಮಧ್ಯರೇಖೆಗೆ ದಕ್ಷಿಣದಲ್ಲಿರುವ ಮೆಲ್ಬರ್ನಿನಲ್ಲಿ ದಸರೆಗೆ ಗೊಂಬೆ ಕೂರಿಸುವವರು ಇದನ್ನು ಪೂರ್ತಿ ತಲೆಕೆಳಗು ಮಾಡಿಕೊಳ್ಳಬೇಕು. ಅಲ್ಲಿ ಬಿಸಿಲು ಬರುವುದು ಉತ್ತರದಿಂದ, ತಣ್ಣನೆಯ ಬೆಳಕು ದಕ್ಷಿಣದಿಂದ.

ಪೂರ್ವ, ಪಶ್ಚಿಮದ ಕಿಟಕಿಗಳನ್ನು ಸುಮ್ನೆ ತಳ್ಳಿಹಾಕಬೇಡಿ. ಪೂರ್ವದ ಕಿಟಕಿ ಮಧ್ಯಾಹ್ನದ ನಂತರ ಚೆನ್ನಾಗಿರುತ್ತದೆ, ಪಶ್ಚಿಮದ್ದು ಬೆಳಗ್ಗೆ. ಸೂರ್ಯ ಮನೆಯ ಆ ಕಡೆ ಇದ್ದಾಗ ಈ ಕಡೆಯ ಕಿಟಕಿಗೆ ಬರುವುದು ಬರಿ ಆಕಾಶದ ಬೆಳಕು. ಅಪಾರ್ಟ್‌ಮೆಂಟಿನಲ್ಲಿ ಒಂದೇ ದಿಕ್ಕಿಗೆ ಕಿಟಕಿ ಇರುವವರಿಗೂ ದಿನದ ಅರ್ಧ ಹೊತ್ತು ಒಳ್ಳೆಯ ಬೆಳಕು ಸಿಗುತ್ತದೆ ಅಂತಾಯಿತು. ಒಂದೇ ಒಂದು ವಿಷಯ ಗಮನಿಸಿ. ಎದುರು ಮನೆಯ ಗೋಡೆ ಹತ್ತಿರದಲ್ಲಿದ್ದು ಅದಕ್ಕೆ ಗಾಢ ಬಣ್ಣ ಬಳಿದಿದ್ದರೆ, ನಿಮ್ಮ ಕಿಟಕಿಯ ಬೆಳಕಿಗೂ ಆ ಬಣ್ಣ ಹತ್ತುತ್ತದೆ. ಅಂಥ ಕಿಟಕಿಗಿಂತ ಆಕಾಶ ಕಾಣುವ ಚಿಕ್ಕ ಕಿಟಕಿ ಮೇಲು.

ಅರಗಿನ ಗೊಂಬೆ: ಬರಿ ಕಿಟಕಿಯೋ, ಬಟರ್ ಪೇಪರೋ

ಚನ್ನಪಟ್ಟಣದ ಗೊಂಬೆಯ ಹೊಳಪು ಎಲ್ಲಿಂದ ಬರುತ್ತದೆ ಗೊತ್ತಾದರೆ ಅದರ ಫೋಟೋ ತೆಗೆಯುವುದೂ ಅರ್ಧ ಗೊತ್ತಾದಂತೆ. ಆಲೆ ಮರದ ತುಂಡನ್ನು ತಿರುಗಣಿಯಲ್ಲಿ ಸುತ್ತಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ತಾಳೆ ಗರಿಯಿಂದ ಉಜ್ಜಿ ಮಿರುಗು ತರುತ್ತಾರೆ. ಹೀಗೆ ಆದ ಗೊಂಬೆಯ ಪ್ರತಿ ಭಾಗವೂ ಗುಂಡಗೆ, ಪ್ರತಿ ಭಾಗವೂ ನುಣುಪು. ತಲೆ ಒಂದು ಚೆಂಡು, ಹೊಟ್ಟೆ ಇನ್ನೊಂದು.

ಗುಂಡಗಿನ ಹೊಳಪು ಕೋಣೆಯಲ್ಲಿರುವುದನ್ನೆಲ್ಲ ತೋರಿಸುತ್ತದೆ. ಕಿಟಕಿ, ಅದರ ಸರಳು, ಸೊಳ್ಳೆ ಜಾಲರಿಯ ಚೌಕಟ್ಟು, ಫೋಟೋ ತೆಗೆಯುತ್ತಿರುವ ನೀವು. ಗೊಂಬೆಯನ್ನು ಎಷ್ಟು ತಿರುಗಿಸಿದರೂ ಪ್ರತಿಬಿಂಬ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಆದ್ದರಿಂದ ಪ್ರತಿಬಿಂಬ ಎಲ್ಲಿ ಇರಬೇಕು, ಹೇಗೆ ಕಾಣಬೇಕು ಅನ್ನುವುದನ್ನು ನೀವು ತೀರ್ಮಾನಿಸಬೇಕು.

ತೆರೆದ ಕಿಟಕಿಯ ಪಕ್ಕ ಇಟ್ಟರೆ ಹೊಟ್ಟೆಯ ಮೇಲೆ ಪುಟ್ಟ ಕಿಟಕಿ ಮೂಡುತ್ತದೆ, ನಡುವೆ ಸರಳುಗಳ ಗೆರೆಗಳು. ಕೊಳ್ಳುವವರಿಗೆ ಅದು ಗೀರು ಬಿದ್ದ ಹಾಗೆ ಕಾಣುವುದೂ ಉಂಟು. ತೆಳು ಪರದೆ ಎಳೆದರೆ ಸರಳು ಮಸುಕಾಗುತ್ತದೆ, ಆದರೆ ಪರದೆಯ ನೆರಿಗೆಗಳು ಉದ್ದುದ್ದ ಪಟ್ಟೆಗಳಾಗಿ ಕಾಣುತ್ತವೆ. ಬಟರ್ ಪೇಪರ್ ಅಥವಾ ಟ್ರೇಸಿಂಗ್ ಪೇಪರನ್ನು ಕಿಟಕಿಯ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿದರೆ ಕಿಟಕಿಯೇ ಒಂದು ಬಿಳಿ ಹಲಗೆಯಾಗುತ್ತದೆ. ಗೊಂಬೆಯ ಮೇಲೆ ಬೀಳುವುದು ಒಂದೇ ಒಂದು ಶುಭ್ರವಾದ ಬಿಳಿ ಪಟ್ಟೆ. ಅರಗಿನ ಗೊಂಬೆಗೆ ನನ್ನ ಆಯ್ಕೆ ಇದೇ, ಯೋಚನೆಯೇ ಬೇಡ. ಬಟರ್ ಪೇಪರ್ ಸಿಗದಿದ್ದರೆ ಇಸ್ತ್ರಿ ಮಾಡಿದ ಬಿಳಿ ಪಂಚೆಯನ್ನು ನೆರಿಗೆ ಬೀಳದ ಹಾಗೆ ಎಳೆದು ಕಟ್ಟಿ. ಅಂಚಿನ ಜರಿ ಮಾತ್ರ ಕಿಟಕಿಯಿಂದ ಹೊರಗಿರಲಿ.

ಇನ್ನು ಕಿಟಕಿ ಎಲ್ಲಿರಬೇಕು? ಬೆನ್ನ ಹಿಂದೆ ಕಿಟಕಿ ಇಟ್ಟುಕೊಂಡು ತೆಗೆದರೆ ಬಿಳಿ ಕಲೆ ಗೊಂಬೆಯ ಮುಖದ ಮಧ್ಯಕ್ಕೆ ಬರುತ್ತದೆ, ಅದರೊಳಗೆ ನಿಮ್ಮ ನೆರಳು ಬೇರೆ. ಕಿಟಕಿಯನ್ನು ಪೂರ್ತಿ ಪಕ್ಕಕ್ಕೆ ತಂದರೆ ಬಿಳಿ ಪಟ್ಟೆ ಗೊಂಬೆಯ ಅಂಚಿಗೆ ಸರಿದು ತೆಳುವಾಗುತ್ತದೆ. ಉಳಿದ ಮೈಯಲ್ಲಿ ಅರಿಶಿನದ ಹಳದಿ, ನೀಲಿಯ ನೀಲಿ ತುಂಬಿ ಬರುತ್ತದೆ. ಗುಂಡಗಿದೆ ಅನ್ನುವುದೂ ಆ ಪಟ್ಟೆಯಿಂದಲೇ ತಿಳಿಯುತ್ತದೆ. ಪಕ್ಕದಿಂದ ಸ್ವಲ್ಪವೇ ಮುಂದಕ್ಕೆ, ಅದು ಸರಿಯಾದ ಜಾಗ.

ಗಾಢ ಬಣ್ಣದ, ಡಿಸೈನಿಲ್ಲದ ಅಂಗಿ ಹಾಕಿಕೊಳ್ಳಿ. ಬಿಳಿ ಅಂಗಿ ಗೊಂಬೆಯ ಹೊಟ್ಟೆಯ ಮೇಲೆ ಇನ್ನೊಂದು ಕಲೆಯಾಗುತ್ತದೆ. ಕೋಣೆಯ ಉಳಿದ ಕಿಟಕಿ, ಬಾಗಿಲು ಮುಚ್ಚಿ.

ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಕಾ ಎಂದು ಹಲವರು ಕೇಳುತ್ತಾರೆ. ಅರಗಿನ ಹೊಳಪನ್ನು ಅದು ಕಡಿಮೆ ಮಾಡಬಲ್ಲದು. ಆದರೆ ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ. ಗುಂಡಗಿನ ಗೊಂಬೆಯಲ್ಲಿ ಒಂದು ಕಡೆ ಹೊಳಪು ಮಾಯವಾಗಿ ಇನ್ನೊಂದು ಕಡೆ ಉಳಿಯುತ್ತದೆ. ಅಲ್ಲದೆ ಹೊಳಪನ್ನೆಲ್ಲ ತೆಗೆದುಬಿಟ್ಟರೆ ಅರಗಿನ ಗೊಂಬೆ ಪ್ಲಾಸ್ಟಿಕ್ಕಿನ ಹಾಗೆ ಕಾಣುತ್ತದೆ. ತಾಳೆ ಗರಿಯಲ್ಲಿ ಉಜ್ಜಿ ತಂದ ಮಿರುಗನ್ನು ನಾವೇ ಅಳಿಸಿಹಾಕಿದ ಹಾಗಾಗುತ್ತದೆ. ಆ ದುಡ್ಡನ್ನು ಒಂದು ಒಳ್ಳೆ ಸ್ಟ್ಯಾಂಡಿಗೆ ಹಾಕಿ.

ಬಟ್ಟೆ ಗೊಂಬೆಗೆ ಓರೆ ಬೆಳಕು

ಬಟ್ಟೆ ಗೊಂಬೆಯಲ್ಲಿ ಕೈಕೆಲಸ ಕಾಣುವುದು ಹೊಲಿಗೆಯಲ್ಲಿ. ಮೂಗು ಒಂದು ಗಂಟು, ತುಟಿ ಎರಡು ಎಳೆ, ಜಡೆ ಉಣ್ಣೆಯ ದಾರ. ಇವುಗಳ ಉಬ್ಬು ಒಂದೆರಡು ಮಿಲಿಮೀಟರ್ ಅಷ್ಟೇ. ಎದುರಿನಿಂದ ಬೆಳಕು ಬಿದ್ದರೆ ಆ ಉಬ್ಬಿಗೆ ನೆರಳೇ ಇರುವುದಿಲ್ಲ. ಮುಖ ಚಪ್ಪಟೆ ಕಾಗದದ ಹಾಗೆ ಕಾಣುತ್ತದೆ. ಕಿಟಕಿಯನ್ನು ಪೂರ್ತಿ ಪಕ್ಕಕ್ಕೆ ತನ್ನಿ. ಬೆಳಕು ಬಟ್ಟೆಯ ಮೇಲೆ ಸವರಿಕೊಂಡು ಹೋಗುವಾಗ ಪ್ರತಿ ಎಳೆಗೂ ಕೂದಲೆಳೆಯಷ್ಟು ನೆರಳು ಸಿಗುತ್ತದೆ. ನೇಯ್ಗೆ ಕಾಣುತ್ತದೆ, ಹೊಲಿಗೆ ಕಾಣುತ್ತದೆ.

ಇಲ್ಲಿ ಬಟರ್ ಪೇಪರ್ ಬೇಡ. ನೇರ ಬಿಸಿಲು ಬರದ ತೆರೆದ ಕಿಟಕಿ ಸಾಕು. ಬೆಳಕನ್ನು ಜಾಸ್ತಿ ಮೆತ್ತಗೆ ಮಾಡಿದರೆ ಬಟ್ಟೆಯ ಒರಟು ಹೋಗಿಬಿಡುತ್ತದೆ. ಕಾಗದವನ್ನು ಉಪಯೋಗಿಸುವುದಾದರೆ ಬಿಳಿ ಕೋರಾ ಬಟ್ಟೆಯ ಗೊಂಬೆಗೆ ಮಾತ್ರ. ಬಿಳಿಯಲ್ಲಿ ನೇಯ್ಗೆ ಬೇಗ ಕರಗಿ ಬರಿ ಬೆಳಕಾಗಿಬಿಡುತ್ತದೆ.

ಕಣ್ಣಿಗೆ ಕಪ್ಪು ಮಣಿ ಹೊಲಿದಿದ್ದರೆ ನಿಮ್ಮ ಅದೃಷ್ಟ. ಆ ಮಣಿಯಲ್ಲಿ ಕಿಟಕಿಯ ಒಂದು ಚುಕ್ಕಿ ಬೀಳುವಂತೆ ಗೊಂಬೆಯನ್ನು ತಿರುಗಿಸಿ. ಗಡಿಯಾರದಲ್ಲಿ 10 ಅಥವಾ 2 ಇರುವ ಜಾಗದಲ್ಲಿ ಆ ಚುಕ್ಕಿ ಇದ್ದರೆ ಗೊಂಬೆ ನಿಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ. ಕಿಟಕಿ ಮೇಜಿಗಿಂತ ಕೆಳಗಿನಿಂದಲೇ ಶುರುವಾಗುತ್ತಿದ್ದರೆ ಅದರ ಕೆಳ ಅರ್ಧವನ್ನು ರಟ್ಟಿನಿಂದ ಮುಚ್ಚಿ. ಬೆಳಕು ಮೇಲಿನಿಂದ ಇಳಿಯುತ್ತದೆ, ಚುಕ್ಕಿಯೂ ಕಣ್ಣಿನ ಮೇಲ್ಭಾಗಕ್ಕೆ ಹೋಗುತ್ತದೆ.

ಮಣ್ಣಿನ ಗೊಂಬೆಗೂ ಇದೇ ಓರೆ ಬೆಳಕು ಹೊಂದುತ್ತದೆ.

ಕಿನ್ನಾಳ, ಲಂಬಾಣಿ, ಪಟ್ಟದ ಗೊಂಬೆ

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮಾಡುವ ಗೊಂಬೆಗಳದ್ದು ಬೇರೆಯೇ ಲೆಕ್ಕ. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟು ಸೇರಿಸಿದ ಮೆತ್ತೆಯಿಂದ ತುಂಡುಗಳನ್ನು ಜೋಡಿಸಿ, ಮೇಲೆ ಗಾಢ ಬಣ್ಣ ಬಳಿಯುತ್ತಾರೆ. ಒಡವೆಗಳನ್ನು ಉಬ್ಬು ಚುಕ್ಕಿಗಳಲ್ಲಿ ಇಡುತ್ತಾರೆ. ಗರುಡನ ಮೂಗು, ರೆಕ್ಕೆ ಮುಂದಕ್ಕೆ ಚಾಚಿರುತ್ತವೆ. ಪೂರ್ತಿ ಪಕ್ಕದ ಬೆಳಕಿಗೆ ಇಟ್ಟರೆ ಮೂಗಿನ ನೆರಳು ಕೆನ್ನೆಯನ್ನು ನುಂಗುತ್ತದೆ. ಎದುರಿನ ಬೆಳಕಿಗೆ ಇಟ್ಟರೆ ಒಡವೆಯ ಉಬ್ಬು ಹೋಗುತ್ತದೆ. ಹಾಗಾಗಿ ಪಕ್ಕಕ್ಕೂ ಎದುರಿಗೂ ನಡುವೆ, ಸುಮಾರು 45 ಡಿಗ್ರಿಯಲ್ಲಿ ಕಿಟಕಿ ಇರಲಿ. ಕತ್ತಲ ಬದಿಗೆ ಒಂದು ಬಿಳಿ ಹಾಳೆ ಇಡಿ.

ಲಂಬಾಣಿ ಕಸೂತಿ ಉಟ್ಟ ಗೊಂಬೆಯ ಕಷ್ಟ ಕನ್ನಡಿ ಚೂರುಗಳದ್ದು. ಪೋಲರೈಸರ್ ಇದಕ್ಕೆ ಕೆಲಸ ಮಾಡುವುದಿಲ್ಲ, ಲೋಹದ ಲೇಪ ಇರುವ ಕನ್ನಡಿಯ ಹೊಳಪನ್ನು ಅದು ತೆಗೆಯಲಾರದು. ಇಲ್ಲಿ ನನಗೆ ಹಿಡಿಸುವ ದಾರಿ ಒಂದಿದೆ. ಬೆಳಕು ಓರೆಯಾಗಿಯೇ ಇರಲಿ, ಹೊಲಿಗೆ ಕಾಣಲಿ. ಆಮೇಲೆ ಗೊಂಬೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ. ಕೆಲವು ಕನ್ನಡಿ ಮಿಂಚಿ ಕೆಲವು ಕಪ್ಪಗಿರುವ ಒಂದು ಜಾಗ ಬರುತ್ತದೆ. ಅಲ್ಲೇ ನಿಲ್ಲಿಸಿ. ಎಲ್ಲ ಕನ್ನಡಿಯೂ ಮಿಂಚಿದರೆ ಕಸೂತಿ ಕಾಣುವುದಿಲ್ಲ, ಎಲ್ಲವೂ ಕಪ್ಪಾದರೆ ಬಟ್ಟೆಗೆ ತೂತು ಬಿದ್ದ ಹಾಗಿರುತ್ತದೆ.

ದಸರೆಗೆ ಕೂರಿಸುವ ರಾಜ ರಾಣಿಯರ ಪಟ್ಟದ ಗೊಂಬೆಗೆ ಮುಖವೇ ಮುಖ್ಯವೋ, ಸೀರೆಯೇ ಮುಖ್ಯವೋ ಮೊದಲು ನಿರ್ಧರಿಸಿ. ತವರಿನಿಂದ ಬಂದ ಹಳೆಯ ಮರದ ಗೊಂಬೆಯ ಗುರುತಿಗಾಗಿ ಫೋಟೋ ಬೇಕಿದ್ದರೆ ಸೀರೆ ಉಡಿಸುವ ಮೊದಲೇ ಒಂದು ತೆಗೆದಿಡಿ. ಸೀರೆ ಉಡಿಸಿದ ಮೇಲೆ ಜರಿಯೇ ಕಣ್ಣು ಸೆಳೆಯುತ್ತದೆ. ಆಗ ಬಟರ್ ಪೇಪರ್ ಹಾಕಿದ ಕಿಟಕಿ, 45 ಡಿಗ್ರಿ. ಮರದ ಮುಖಕ್ಕೂ ಜರಿಗೂ ಅದು ನ್ಯಾಯ ಮಾಡುತ್ತದೆ.

ಕಿಟಕಿಗೆ ಹತ್ತಿರವೋ, ದೂರವೋ

ಒಂದೇ ಗೊಂಬೆಯಾದರೆ ಹತ್ತಿರ, ಸಾಲು ಗೊಂಬೆಯಾದರೆ ದೂರ. ಕಿಟಕಿಯಿಂದ ಒಂದೂವರೆ ಎರಡು ಅಡಿಯಲ್ಲಿ ಬೆಳಕು ಬಹಳ ಮೆತ್ತಗಿರುತ್ತದೆ, ಆದರೆ ಬೇಗ ಇಳಿಯುತ್ತದೆ. ಹಿನ್ನೆಲೆ ತಾನಾಗಿ ಕತ್ತಲಾಗಿ ಗೊಂಬೆ ಎದ್ದು ಕಾಣುತ್ತದೆ. ಅದೇ ಜಾಗದಲ್ಲಿ ಐದು ಗೊಂಬೆಯನ್ನು ಕಿಟಕಿಯಿಂದ ಒಳಕ್ಕೆ ಸಾಲಾಗಿ ಇಟ್ಟರೆ ಮೊದಲನೆಯದು ಬೆಳ್ಳಗೆ, ಕೊನೆಯದು ಕಪ್ಪಗೆ. ಐದಾರು ಅಡಿ ದೂರ ಹೋದರೆ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಬೆಳಕು ಸಿಗುತ್ತದೆ, ನೆರಳು ಮಾತ್ರ ಸ್ವಲ್ಪ ಗಡುಸಾಗುತ್ತದೆ. ದೂರ ಹೋಗಲು ಜಾಗವಿಲ್ಲದಿದ್ದರೆ ಸಾಲನ್ನು ಕಿಟಕಿಗೆ ಸಮಾನಾಂತರವಾಗಿ ತಿರುಗಿಸಿ.

ನೆರಳಿನ ಬದಿಗೆ ಏನಿಡಬೇಕು ಅನ್ನುವುದಕ್ಕೂ ಮೂರು ಆಯ್ಕೆ ಇವೆ. ಬಿಳಿ ಥರ್ಮಾಕೋಲ್ ಹೆಚ್ಚಿನ ಗೊಂಬೆಗಳಿಗೆ ಸಾಕು, ಹತ್ತಿರ ಸರಿಸಿದರೆ ನೆರಳು ತಿಳಿಯಾಗುತ್ತದೆ, ದೂರ ಸರಿಸಿದರೆ ಗಾಢವಾಗುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಜೋರಾಗಿ ಬೆಳಕು ಎಸೆಯುತ್ತದೆ, ಕಪ್ಪು ಉಣ್ಣೆಯ ಕೂದಲಿಗೆ ಒಳ್ಳೆಯದು, ಅರಗಿಗೆ ಬೇಡವೇ ಬೇಡ. ಕಪ್ಪು ಡ್ರಾಯಿಂಗ್ ಶೀಟನ್ನು ಜನ ಮರೆಯುತ್ತಾರೆ. ತಿಳಿ ಬಣ್ಣದ ಗೊಂಬೆಯನ್ನು ತಿಳಿ ಹಿನ್ನೆಲೆಯಲ್ಲಿ ಇಟ್ಟಾಗ ಅಂಚು ಕಾಣುವುದಿಲ್ಲ ಅಲ್ವಾ, ಆಗ ಪಕ್ಕದಲ್ಲಿ ಕಪ್ಪು ಹಾಳೆ ನಿಲ್ಲಿಸಿ. ಗೊಂಬೆಯ ಅಂಚಿಗೆ ಗೆರೆ ಎಳೆದಂತಾಗುತ್ತದೆ.

ಫೋನೋ, ಕ್ಯಾಮೆರಾವೋ

ಮಾರಾಟಕ್ಕೆ ಫೋನು ಸಾಕು. ದೊಡ್ಡದಾಗಿ ಅಚ್ಚು ಹಾಕಿಸಬೇಕಿದ್ದರೆ ಕ್ಯಾಮೆರಾ. ಫೋನಿನಲ್ಲಿ ಎರಡು ಅಭ್ಯಾಸ ಬಿಡಿ. ಒಂದು, ತೀರಾ ಹತ್ತಿರ ಹೋಗುವುದು. ಫೋನಿನ ಮುಖ್ಯ ಲೆನ್ಸ್ ಅಗಲದ್ದು, ಹತ್ತಿರ ಹೋದರೆ ತಲೆ ದಪ್ಪವಾಗಿ ಕಾಲು ಚಿಕ್ಕದಾಗುತ್ತದೆ. ಹಿಂದೆ ಸರಿದು 2 ಎಕ್ಸ್ ಅಥವಾ 3 ಎಕ್ಸ್ ಇಟ್ಟುಕೊಳ್ಳಿ. ಇನ್ನೊಂದು, ಪೋರ್ಟ್ರೇಟ್ ಮೋಡ್. ಉಣ್ಣೆಯ ಕೂದಲಿನ ಅಂಚನ್ನು ಅದು ಕತ್ತರಿಸಿದ ಹಾಗೆ ಮಾಡುತ್ತದೆ. ಗೊಂಬೆಯ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬಿಳಿ ಹಿನ್ನೆಲೆ ಇದ್ದರೆ ಮಾತ್ರ ಮೇಲಕ್ಕೆ ಎಳೆಯಬೇಕು, ಏಕೆಂದರೆ ಬಿಳಿಯನ್ನು ಕಂಡ ಕೂಡಲೇ ಫೋನು ಎಲ್ಲವನ್ನೂ ಮಂಕು ಮಾಡುತ್ತದೆ.

ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿ ಎಫ್ 8, ಬೆಳಕಿಗೆ ಸೂಕ್ಷ್ಮತೆ ಐಎಸ್‌ಒ 100, ಸ್ಟ್ಯಾಂಡ್, 2 ಸೆಕೆಂಡಿನ ಟೈಮರ್. ಕಿಂಡಿ ದೊಡ್ಡದಾಗುವ ಎಫ್ 1.8ರಲ್ಲಿ ತೆಗೆದರೆ ಮೂಗು ಮಾತ್ರ ಸ್ಪಷ್ಟವಾಗಿ ಕಿವಿ ಮಸುಕಾಗುತ್ತದೆ. ಶಟರ್ ನಿಧಾನವಾದರೆ ಆಗಲಿ, ಗೊಂಬೆ ಅಲ್ಲಾಡುವುದಿಲ್ಲ. ಫೋನಾಗಲಿ ಕ್ಯಾಮೆರಾ ಆಗಲಿ, ಗೊಂಬೆಯ ಕಣ್ಣಿನ ಎತ್ತರಕ್ಕೆ ಇಳಿಸಿ. ಮೇಲಿನಿಂದ ತೆಗೆದ ಗೊಂಬೆ ಯಾವಾಗಲೂ ಕುಳ್ಳಗೆ ಕಾಣುತ್ತದೆ.

ಬಣ್ಣ ಸುಳ್ಳಾಗಬಾರದು

ಇದರ ಬಗ್ಗೆ ನನಗೆ ಹಟ ಇದೆ. ತಿಂಗಳುಗಟ್ಟಲೆ ಕೂತು ಗೊಂಬೆ ಮಾಡಿದವರ ಕೆಲಸ ಬಣ್ಣ ಬೇರೆ ಕಂಡಿತೆಂದು ವಾಪಸ್ ಬಂದರೆ ಅದಕ್ಕಿಂತ ಬೇಸರ ಇನ್ನಿಲ್ಲ. ಟ್ಯೂಬ್‌ಲೈಟ್, ಬಲ್ಬು ಎಲ್ಲ ಆರಿಸಿ. ಕಿಟಕಿಯ ಬೆಳಕು ನೀಲಿ ಕಡೆಗೆ, ಬಲ್ಬಿನದು ಹಳದಿ ಕಡೆಗೆ. ಎರಡೂ ಸೇರಿದರೆ ಆಮೇಲೆ ಯಾವ ಆಪ್‌ನಲ್ಲೂ ಸುಲಭವಾಗಿ ಸರಿ ಮಾಡಲಾಗುವುದಿಲ್ಲ. ಹಸಿರು ಗೋಡೆ, ಕೆಂಪು ರೆಡ್ ಆಕ್ಸೈಡ್ ನೆಲ ಹತ್ತಿರ ಇದ್ದರೆ ಅವುಗಳ ಮೇಲೆ ಬಿಳಿ ಬಟ್ಟೆ ಹೊದಿಸಿ. ಮೊದಲ ಫೋಟೋದಲ್ಲಿ ಗೊಂಬೆಯ ಪಕ್ಕ ಒಂದು ಬಿಳಿ ಕಾಗದ ಇಟ್ಟು ತೆಗೆಯಿರಿ, ಆ ಕಾಗದ ಬೆಳ್ಳಗೆ ಕಾಣುವವರೆಗೆ ವೈಟ್ ಬ್ಯಾಲೆನ್ಸ್ ತಿದ್ದಿ, ಅದೇ ತಿದ್ದುಪಡಿಯನ್ನು ಉಳಿದ ಫೋಟೋಗಳಿಗೂ ಹಾಕಿ.

ಮೋಡ ಕವಿದ ದಿನವೋ, ಬಿಸಿಲಿನ ದಿನವೋ ಅಂದರೆ ನಾನು ತೆಳು ಮೋಡದ ದಿನವನ್ನೇ ಆರಿಸುತ್ತೇನೆ. ಬೆಳಕು ತಾಸುಗಟ್ಟಲೆ ಒಂದೇ ಸಮ ಇರುತ್ತದೆ, ಇಪ್ಪತ್ತು ಗೊಂಬೆ ತೆಗೆದರೂ ಎಲ್ಲಕ್ಕೂ ಒಂದೇ ಬಣ್ಣ. ಬಿಸಿಲು ಮೋಡ ಕಣ್ಣಾಮುಚ್ಚಾಲೆ ಆಡುವ ದಿನ ಮಾತ್ರ ಕೆಲಸಕ್ಕೆ ಕೂರಬೇಡಿ.

ಹಿನ್ನೆಲೆಗೆ ಗುಳೇದಗುಡ್ಡದ ಖಣ, ಇಳಕಲ್ ಸೀರೆ ಹಾಸುವ ಆಸೆ ಎಲ್ಲರಿಗೂ ಇದೆ. ಬಟ್ಟೆ ಗೊಂಬೆಗೆ ಅದು ಬೇಡ, ಎರಡು ಬಟ್ಟೆಗಳ ನಡುವೆ ಗೊಂಬೆ ಕಳೆದುಹೋಗುತ್ತದೆ. ಬಣ್ಣ ಒಂದೇ ಇರುವ ಅರಗಿನ ಗೊಂಬೆಗೆ ಮಾತ್ರ, ಅದೂ ಹಿಂದೆ ದೂರದಲ್ಲಿ.

ಜಗಲಿ, ತೊಟ್ಟಿ ಇದ್ದವರಿಗೆ

ಹಳೆಯ ಮನೆಯಲ್ಲಿ ಇರುವವರಿಗೆ ಕಿಟಕಿಗಿಂತ ಒಳ್ಳೆಯದು ಜಗಲಿ. ಸೂರಿನ ಕೆಳಗೆ, ಅಂಚಿನಿಂದ ಎರಡು ಮೂರು ಅಡಿ ಒಳಗೆ ಗೊಂಬೆ ಇಟ್ಟು ಅದರ ಮುಖವನ್ನು ಅಂಗಳಕ್ಕೆ ಓರೆಯಾಗಿ ತಿರುಗಿಸಿದರೆ ಸಾಕು. ತೊಟ್ಟಿ ಮನೆಯಲ್ಲಿ ತೊಟ್ಟಿಯ ನಡುವೆ ಇಡಬೇಡಿ. ನೆತ್ತಿಯ ಬೆಳಕಿಗೆ ಹುಬ್ಬಿನ ನೆರಳು ಕಣ್ಣನ್ನು ಮುಚ್ಚುತ್ತದೆ. ಕಂಬದ ಪಕ್ಕ, ಪಡಸಾಲೆಯ ನೆರಳಿನೊಳಗೆ ಇಡಿ.

ದಸರೆಯ ಮೆಟ್ಟಿಲು

ಇಡೀ ಗೊಂಬೆ ಸಾಲನ್ನು ಒಂದೇ ಫೋಟೋದಲ್ಲಿ ಹಿಡಿಯಬೇಕಾದಾಗ ಆಯ್ಕೆ ಮಾಡಬೇಕಾದ್ದು ಮೆಟ್ಟಿಲು ಜೋಡಿಸುವ ದಿನವೇ. ಕಿಟಕಿಯ ಮುಂದೆ ಮೆಟ್ಟಿಲು ಕಟ್ಟಿದರೆ ಗೊಂಬೆಗಳೆಲ್ಲ ಕಪ್ಪು ಆಕಾರಗಳಾಗುತ್ತವೆ. ಪಕ್ಕದ ಗೋಡೆಗೆ ಕಟ್ಟಿದರೆ ಒಂದು ತುದಿ ಬೆಳಕು, ಇನ್ನೊಂದು ತುದಿ ಕತ್ತಲು. ಕಿಟಕಿಯ ಎದುರು ಗೋಡೆಗೆ ಕಟ್ಟಿದರೆ ಏಳು ಮೆಟ್ಟಿಲಿಗೂ ಸಮನಾಗಿ ಬೆಳಕು ಬೀಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣಕ್ಕಿರುವುದರಿಂದ ಉತ್ತರದ ಕಿಟಕಿ ಇದ್ದರೆ ಇನ್ನೂ ನೆಮ್ಮದಿ.

ಸೀರಿಯಲ್ ಸೆಟ್ ಉರಿಯುತ್ತಿರುವಂತೆ ಬೇಕೆಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತೆಗೆಯಿರಿ. ಹೊರಗಿನ ಬೆಳಕು ಇಳಿದು ದೀಪದ ಬೆಳಕಿಗೆ ಸಮನಾಗುವ ಒಂದು ಹದಿನೈದು ನಿಮಿಷ ಸಿಗುತ್ತದೆ. ಬಣ್ಣ ಬೆರೆಯಬಾರದು ಎಂಬ ಹಟವನ್ನು ಆ ಒಂದು ಫೋಟೋಕ್ಕೆ ನಾನೂ ಬಿಡುತ್ತೇನೆ. ರಾಜ ರಾಣಿಯರ ಹತ್ತಿರದ ಫೋಟೋವನ್ನು ಮಾತ್ರ ಅವರನ್ನು ಮೆಟ್ಟಿಲಿಗೆ ಏರಿಸುವ ಮೊದಲೇ ಕಿಟಕಿ ಬಳಿ ತೆಗೆದುಬಿಡಿ. ಒಮ್ಮೆ ಕೂರಿಸಿ ಪೂಜೆ ಆದ ಮೇಲೆ ವಿಜಯದಶಮಿಯವರೆಗೆ ಅವರನ್ನು ಕದಲಿಸುವ ಹಾಗಿಲ್ಲ.